ಹಸಿರು ಚೀಟಿ, ಇಂಗ್ಲಿಷ್ ಬಣ್ಣ: ಹೊಲಿದವಳಿಗೇ ಓದಲಾಗದ ಸುಳ್ಳು!

ಕನ್ನಡದ ಹುಡುಗರೇ, ಹುಡುಗಿಯರೇ,

ನೀವು ತೊಟ್ಟಿರುವ ಅಂಗಿಯ ಕತ್ತುಪಟ್ಟಿಯನ್ನು ಒಮ್ಮೆ ಹೊರಳಿಸಿ ನೋಡಿ. ಅಲ್ಲಿ ಹೊಲಿದಿರುವ ಚೀಟಿಯಲ್ಲಿ ಒಂದಾದರೂ ಕನ್ನಡ ಅಕ್ಷರ ಇದೆಯೇ? ಆ ಅಂಗಿ ಮಂಡ್ಯ ಜಿಲ್ಲೆಯಲ್ಲೇ ಹೊಲಿದದ್ದಾಗಿರಬಹುದು, ಪೀಣ್ಯದಲ್ಲಿ ಹೊಲಿದದ್ದಾಗಿರಬಹುದು. ಅದಕ್ಕೆ ಗುಂಡಿ ಹಾಕಿದ ಕೈ ಕನ್ನಡದ ಹೆಣ್ಣುಮಗಳದ್ದಾಗಿರಬಹುದು. ಚೀಟಿ ಮಾತ್ರ ಇಂಗ್ಲಿಷಿನದು!

ಈಗ ಪೇಟೆಗೆ ಇನ್ನೊಂದು ಬಗೆಯ ಚೀಟಿ ಬಂದಿದೆ. ಮಣ್ಣಿನ ಬಣ್ಣದ ಒರಟು ಕಾಗದ, ತೂಗುಹಾಕಲು ಸೆಣಬಿನ ದಾರ, ಮೂಲೆಯಲ್ಲೊಂದು ಹಸಿರು ಎಲೆ. ಮೇಲೆ ಬರೆದಿರುತ್ತದೆ: 'ಸಸ್ಟೈನಬಲ್', 'ಎಥಿಕಲ್', 'ಆರ್ಗಾನಿಕ್', 'ಹ್ಯಾಂಡ್‌ಲೂಮ್', 'ನ್ಯಾಚುರಲ್ ಡೈ'. ಭೂಮಿತಾಯಿಗೆ ನೋವಾಗದ ಬಟ್ಟೆಯಂತೆ! ನೇಕಾರನ ಹೊಟ್ಟೆ ತುಂಬಿಸುವ ಬಟ್ಟೆಯಂತೆ! ಈ ಐದು ಪದಗಳು ಅಂಟಿಕೊಂಡ ಕೂಡಲೇ ಆರುನೂರು ರೂಪಾಯಿಯ ಅಂಗಿ ಮೂರು ಸಾವಿರಕ್ಕೆ ಜಿಗಿಯುತ್ತದೆ. ನೀವು ಕೊಡುತ್ತೀರಿ. ಏಕೆಂದರೆ ನಿಮ್ಮ ಮನಸ್ಸು ಒಳ್ಳೆಯದು. ಕೆರೆ ಹಾಳಾಗಬಾರದು, ಹೊಲಿಯುವವಳಿಗೆ ಮೋಸವಾಗಬಾರದು ಎಂದು ನೀವು ಬಯಸುತ್ತೀರಿ.

ಆ ಒಳ್ಳೆಯ ಮನಸ್ಸನ್ನೇ ಬಂಡವಾಳ ಮಾಡಿಕೊಂಡು ನಡೆಯುತ್ತಿರುವ ದಂಧೆಯ ಬಗ್ಗೆ ಈ ಬರಹ. ಒಂದೇ ಮಾತಿನಲ್ಲಿ ಹೇಳಿಬಿಡುತ್ತೇನೆ: ಹೊಲಿದವಳಿಗೂ ನೇಯ್ದವನಿಗೂ ಓದಲಾಗದ ಚೀಟಿಯ ಮೇಲೆ ಯಾವ ಸುಳ್ಳನ್ನು ಬೇಕಾದರೂ ಬರೆಯಬಹುದು. ಹಿಡಿಯುವವರೇ ಇರುವುದಿಲ್ಲ.

ಚೀಟಿ ಹುಟ್ಟುವ ಜಾಗ

ನಾನು ಕೆ.ಆರ್. ಪೇಟೆಯಲ್ಲಿ ಪ್ರೆಸ್ ಇಟ್ಟವನು. ಓದಿದ್ದು ಪಿಯುಸಿ. ಮದುವೆ ಕಾಗದ, ಜಾತ್ರೆಯ ಕರಪತ್ರ, ಅಂಗಡಿಯ ಬಿಲ್ ಪುಸ್ತಕ, ನವೆಂಬರ್ ಬಂತೆಂದರೆ ರಾಜ್ಯೋತ್ಸವದ ಬ್ಯಾನರ್: ಇದು ನನ್ನ ಹೊಟ್ಟೆಪಾಡು. ಪರಿಸರದ ಪಂಡಿತ ನಾನಲ್ಲ. ಆದರೆ ಚೀಟಿ ಹೇಗೆ ಹುಟ್ಟುತ್ತದೆ ಎಂಬುದು ನನಗೆ ಗೊತ್ತು. ಅದನ್ನು ಯಾವ ಪಂಡಿತನೂ ನನಗೆ ಹೇಳಿಕೊಡಬೇಕಿಲ್ಲ.

ಎರಡು ವರ್ಷದ ಹಿಂದೆ ಒಬ್ಬ ಯುವಕ ಕಾರಿನಲ್ಲಿ ಬಂದ. ಐದು ಸಾವಿರ ಬಟ್ಟೆ ಚೀಟಿ ಬೇಕೆಂದ. ನಮೂನೆ ಮೊಬೈಲಿನಲ್ಲಿತ್ತು. 'ಕೈಮಗ್ಗ, ಗಿಡಮರದ ಬಣ್ಣ, ಹಳ್ಳಿಯ ಹೆಂಗಸರ ಕೈಕೆಲಸ' ಎಂದೆಲ್ಲ ಇಂಗ್ಲಿಷಿನಲ್ಲಿ. ಕಾಗದ ಕೈಯಲ್ಲಿ ಮಾಡಿದಂತೆ ಕಾಣಬೇಕಂತೆ. 'ಅಂಥ ಕಾಗದ ತರಿಸಿದರೆ ರೇಟು ಜಾಸ್ತಿ ಬೀಳ್ತದೆ' ಅಂದೆ. 'ಅಯ್ಯೋ ಬೇಡಿ ಸಾರ್, ಮಾಮೂಲಿ ಬಿಳಿ ಕಾರ್ಡಿನ ಮೇಲೆ ಕಂದು ಬಣ್ಣ ಹೊಡೆದು ಒರಟೊರಟಾಗಿ ಕಾಣೋ ಹಾಗೆ ಪ್ರಿಂಟ್ ಹಾಕಿ' ಅಂದ!

ಅರ್ಥವಾಯಿತೇ? ಕಾಗದದ ಒರಟುತನವೂ ಸುಳ್ಳು. ಪರಿಸರಸ್ನೇಹಿ ಎಂದು ಸಾರುವ ಚೀಟಿಗೆ ಬಿಳಿ ಕಾರ್ಡಿನ ತುಂಬಾ ರಾಸಾಯನಿಕ ಬಣ್ಣ ಬಳಿಯಬೇಕು, ಅದು ಬಣ್ಣವೇ ಬಳಿಯದ ಕಾಗದದಂತೆ ಕಾಣಬೇಕು!

'ಯಾವ ಊರಿನ ಮಗ್ಗ ಅಪ್ಪಾ? ಅದನ್ನೂ ಹಾಕೋಣ, ಕನ್ನಡದಲ್ಲಿ ಎರಡು ಸಾಲು ಹಾಕೋಣ' ಅಂದೆ. 'ಊರೆಲ್ಲ ಬೇಡ ಸಾರ್. ಕನ್ನಡ ಹಾಕಿದ್ರೆ ಪ್ರೀಮಿಯಂ ಲುಕ್ ಹೋಗ್ಬಿಡ್ತದೆ' ಅಂದ. ಬೇರೆ ಪ್ರೆಸ್ ನೋಡಿಕೊಳ್ಳಪ್ಪಾ ಎಂದು ಕಳಿಸಿದೆ. ಆ ಕೆಲಸ ಬೇರೆ ಕಡೆ ಆಗಿಯೇ ಇರುತ್ತದೆ. ಐದು ಸಾವಿರ ಚೀಟಿ ಐದು ಸಾವಿರ ಅಂಗಿಗೆ ನೇತಾಡಿಯೇ ಇರುತ್ತದೆ. ಅದರಲ್ಲೊಂದು ನಿಮ್ಮ ಬೀರುವಿನಲ್ಲೂ ಇರಬಹುದು.

ಗಮನಿಸಿ. ಅವನು ಬೇಡವೆಂದದ್ದು ಎರಡೇ ಎರಡನ್ನು: ಊರಿನ ಹೆಸರು, ಕನ್ನಡದ ಅಕ್ಷರ. ಊರಿನ ಹೆಸರಿದ್ದರೆ ಯಾರಾದರೂ ಹೋಗಿ ನೋಡಿಬಿಡಬಹುದು. ಕನ್ನಡವಿದ್ದರೆ ಆ ಊರಿನವರೇ ಓದಿಬಿಡಬಹುದು. ಎರಡೂ ಅಪಾಯ!

ಮೂರು ಸಾವಿರದ ಕುರ್ತಾ, ನೂರು ನೆಪ

ಮೋಸ ಹೋದವರ ಪಟ್ಟಿ ದೊಡ್ಡದಿದೆ. ನನ್ನ ಸುತ್ತಲಿನದನ್ನಷ್ಟೇ ಹೇಳುತ್ತೇನೆ.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ತಂಗಿಯ ಮಗಳು ಯುಗಾದಿಗೆಂದು ಒಂದು ನೀಲಿ ಕುರ್ತಾ ತರಿಸಿದಳು. ಬೆಲೆ 3,200 ರೂಪಾಯಿ. ಕೈಮಗ್ಗದ ಹತ್ತಿ, ನೀಲಿಗಿಡದ ಬಣ್ಣ ಎಂದು ಚೀಟಿ. ಎರಡನೇ ಒಗೆತಕ್ಕೆ ನೀಲಿಯೆಲ್ಲ ಅವರಮ್ಮನ ಬಿಳಿ ಸೀರೆಗೆ ಹತ್ತಿತು. ಕುರ್ತಾ ಬೂದಿಬಣ್ಣಕ್ಕೆ ತಿರುಗಿತು. 'ಮಾವ, ನೀವೇ ನೋಡಿ' ಎಂದು ತಂದು ಕೊಟ್ಟಳು. ಮುದ್ರಣದ ಚುಕ್ಕಿ ನೋಡಲು ನಾವು ಇಟ್ಟುಕೊಳ್ಳುವ ಭೂತಗನ್ನಡಿಯಲ್ಲಿ ನೋಡಿದೆ. ಹಾಸು-ಹೊಕ್ಕು ಎರಡೂ ಗೆರೆ ಎಳೆದಂತೆ ಸಮ. ಕೈ ನೇಯ್ದ ಲಕ್ಷಣವೇ ಇಲ್ಲ. ಹೊಲಿಗೆಯ ಒಳಗಿನಿಂದ ಒಂದೆಳೆ ಬಿಡಿಸಿ ಬೆಂಕಿಕಡ್ಡಿ ಹಿಡಿದೆ. ಹತ್ತಿಯಾಗಿದ್ದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗಬೇಕಿತ್ತು. ಇದು ಕರಗಿ ಕಪ್ಪು ಮಣಿಯಾಯಿತು. ಪಾಲಿಯೆಸ್ಟರ್ ಬೆರೆತ ನೂಲು!

ಕಂಪನಿಗೆ ಫೋನ್ ಮಾಡಿದರೆ ಹಿಂದಿಗೆ ಒಂದು ಒತ್ತಿ, ಇಂಗ್ಲಿಷಿಗೆ ಎರಡು ಒತ್ತಿ. ಕನ್ನಡಕ್ಕೆ? ತಲೆಯ ಮೇಲೆ ಕೈ ಒತ್ತಿ! ಕೊನೆಗೆ ಸಿಕ್ಕವನು ಹೇಳಿದ್ದು: 'ನ್ಯಾಚುರಲ್ ಡೈ ಬಣ್ಣ ಬಿಡುತ್ತದೆ ಮೇಡಂ, ಅದೇ ಅದರ ಸೌಂದರ್ಯ.' ಏಳು ದಿನ ದಾಟಿದೆ, ವಾಪಸ್ ಇಲ್ಲ. ಮುಂದಿನ ಸಲಕ್ಕೆ ಶೇಕಡ 10 ರಿಯಾಯಿತಿಯ ಕೂಪನ್ ಇದೆ. ಟೋಪಿ ಹಾಕಿಸಿಕೊಂಡವರಿಗೆ ಇನ್ನೊಂದು ಟೋಪಿಗೆ ರಿಯಾಯಿತಿ!

ನಾಗಮಂಗಲದ ಸ್ನೇಹಿತರೊಬ್ಬರು ಮೊಮ್ಮಗುವಿನ ನಾಮಕರಣಕ್ಕೆ 'ಆರ್ಗಾನಿಕ್' ಬಟ್ಟೆ ತರಿಸಿದರು. ಪ್ರಮಾಣಪತ್ರ ಯಾವುದು, ನಂಬರ್ ಎಷ್ಟು ಎಂದು ಕೇಳಿ ಬರೆದರೆ ಉತ್ತರವಾಗಿ ಬಂದದ್ದು ಹಸಿರು ಎಲೆಯ ಚಿತ್ರ. ಪಾಂಡವಪುರದ ಒಬ್ಬ ಮೇಷ್ಟ್ರು 'ಬಿದಿರಿನ' ಬನಿಯನ್ ಕೊಂಡರು. ಒಳಗಿನ ಸಣ್ಣ ಚೀಟಿಯಲ್ಲಿ ಇದ್ದದ್ದು 'ವಿಸ್ಕೋಸ್'. ದೊಡ್ಡ ಚೀಟಿಯಲ್ಲಿ ಬಿದಿರು, ಸಣ್ಣ ಚೀಟಿಯಲ್ಲಿ ವಿಸ್ಕೋಸ್. ಕನ್ನಡ ಮೇಷ್ಟ್ರಿಗೆ ವಿಸ್ಕೋಸ್ ಎಂದರೇನು ಎಂದು ಹೇಳುವವರು ಯಾರು?

ನಮ್ಮ ಸೀಮೆಯ ಜನ ಪೆದ್ದರಲ್ಲ ಸ್ವಾಮಿ. ಹೇಮಗಿರಿ ದನದ ಜಾತ್ರೆಯಲ್ಲಿ ಹಲ್ಲು ಎಣಿಸದೆ ಎತ್ತು ಕೊಳ್ಳುವವನನ್ನು ತೋರಿಸಿ ನೋಡೋಣ. ಪಾಂಡವಪುರದ ಆಲೆಮನೆಗೆ ಹೋದವನು ಬೆಲ್ಲ ಹಳದಿಯಾಗಿ ಹೊಳೆಯುತ್ತಿದ್ದರೆ 'ಹೈಡ್ರೋಸ್ ಹಾಕಿದ್ದೀರೇನ್ರೀ?' ಎಂದು ಮುಖದ ಮೇಲೇ ಕೇಳುತ್ತಾನೆ. ನಾಗಮಂಗಲದ ಎರಕದವರು ಪಂಚಲೋಹ ಎಂದು ಹೇಳಿ ಬರೀ ಹಿತ್ತಾಳೆ ಕೊಟ್ಟರೆ ಊರು ಸುಮ್ಮನೆ ಬಿಡುತ್ತದೆಯೇ? ಎತ್ತು, ಬೆಲ್ಲ, ವಿಗ್ರಹ ಕೊಳ್ಳುವಾಗ ಇರುವ ಬುದ್ಧಿ ಬಟ್ಟೆ ಕೊಳ್ಳುವಾಗ ಎಲ್ಲಿ ಹೋಗುತ್ತದೆ? ಎಲ್ಲಿಗೂ ಹೋಗುವುದಿಲ್ಲ. ಅಲ್ಲಿ ಕೇಳುವುದು ನಮ್ಮ ಭಾಷೆಯಲ್ಲಿ, ಎದುರಿಗೆ ನಿಂತು. ಇಲ್ಲಿ ಕೇಳಬೇಕಾದದ್ದು ಪರಭಾಷೆಯಲ್ಲಿ, ಕಾಣದ ಮನುಷ್ಯನನ್ನು. ಬಾಯಿ ಕಟ್ಟಿಹಾಕಿ ವ್ಯಾಪಾರ ಮಾಡುವುದು ಎಂದರೆ ಇದೇ.

ಶ್ರೀರಂಗಪಟ್ಟಣ ಮರೆತಿರಾ?

ಸಣ್ಣಪುಟ್ಟ ಕಂಪನಿಗಳ ಮಾತು ಬಿಡಿ, ಜಗತ್ತಿನ ದೊಡ್ಡವರ ಕಥೆ ನೋಡೋಣ. ಅದನ್ನು ನೋಡಲು ಹೊರದೇಶಕ್ಕೆ ಹೋಗಬೇಕಿಲ್ಲ, ಶ್ರೀರಂಗಪಟ್ಟಣ ಸಾಕು.

ಶ್ರೀರಂಗಪಟ್ಟಣದಲ್ಲಿ ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್‌ಗೆ ಸೇರಿದ ಯೂರೋ ಕ್ಲೋತಿಂಗ್ ಕಂಪನಿ-2 ಎಂಬ ಗಾರ್ಮೆಂಟ್ಸ್ ಇತ್ತು. ಅಲ್ಲಿ ಹೊಲಿಯುತ್ತಿದ್ದದ್ದು ಸ್ವೀಡನ್ನಿನ ಎಚ್ ಅಂಡ್ ಎಂ ಕಂಪನಿಯ ಬಟ್ಟೆ. 2020ರ ಜೂನ್ ತಿಂಗಳು, ಕೊರೊನಾ ಕಾಲ. ಸಾವಿರದ ಇನ್ನೂರರಷ್ಟು ಕಾರ್ಮಿಕರು, ಬಹುಪಾಲು ಸುತ್ತಮುತ್ತಲ ಹಳ್ಳಿಯ ಹೆಣ್ಣುಮಕ್ಕಳು, ಒಂದೇ ಏಟಿಗೆ ಕೆಲಸ ಕಳೆದುಕೊಂಡರು. ಆರ್ಡರ್ ಇಲ್ಲ ಎಂಬುದು ಕಂಪನಿ ಕೊಟ್ಟ ಕಾರಣ. ಅಲ್ಲಿ ಕಾರ್ಮಿಕ ಸಂಘ ಬಲವಾಗಿತ್ತು, ಅದಕ್ಕೇ ಮುಚ್ಚಿದರು ಎಂಬುದು ಕಾರ್ಮಿಕರ ಆರೋಪ. ಆ ಹೆಣ್ಣುಮಕ್ಕಳು ಬಾಯಿ ಮುಚ್ಚಿ ಮನೆಗೆ ಹೋಗಲಿಲ್ಲ. ವಾರಗಟ್ಟಲೆ ಕಾರ್ಖಾನೆಯ ಬಳಿ ಧರಣಿ ಕೂತರು. ಸುದ್ದಿ ದೇಶ ದಾಟಿತು. ಕೊನೆಗೆ 2021ರಲ್ಲಿ ಕಂಪನಿಗೂ ಗಾರ್ಮೆಂಟ್ ಅಂಡ್ ಟೆಕ್ಸ್‌ಟೈಲ್ ವರ್ಕರ್ಸ್ ಯೂನಿಯನ್‌ಗೂ ಒಪ್ಪಂದವಾಯಿತು. ಸಂಘಕ್ಕೆ ಮಾನ್ಯತೆ ಸಿಕ್ಕಿತು, ಕೆಲಸ ಹೋದವರನ್ನು ಮರಳಿ ತೆಗೆದುಕೊಳ್ಳುವ ಮಾತಾಯಿತು.

ಅದೇ ಎಚ್ ಅಂಡ್ ಎಂ ಆ ಹೊತ್ತಿನಲ್ಲಿ ಜಗತ್ತಿನ ತುಂಬ ಏನು ಮಾರುತ್ತಿತ್ತು ಗೊತ್ತೇ? 'ಕಾನ್ಷಿಯಸ್' ಎಂಬ ಹಸಿರು ಚೀಟಿಯ ಬಟ್ಟೆ. ಅಂದರೆ ಅರಿವುಳ್ಳ ಬಟ್ಟೆ! ಆ ಚೀಟಿ ಶ್ರೀರಂಗಪಟ್ಟಣದಲ್ಲಿ ಹೊಲಿದ ಬಟ್ಟೆಗೇ ನೇತಾಡುತ್ತಿತ್ತು ಎಂದು ನಾನು ಹೇಳುತ್ತಿಲ್ಲ. ಕಂಪನಿ ಒಂದೇ ಎಂದು ಹೇಳುತ್ತಿದ್ದೇನೆ. 2022ರ ಸೆಪ್ಟೆಂಬರಿನಲ್ಲಿ ನೆದರ್ಲೆಂಡ್ಸ್ ದೇಶದ ಗ್ರಾಹಕ ಪ್ರಾಧಿಕಾರ ಕಿವಿ ಹಿಂಡಿತು. ಬಟ್ಟೆಯಿಂದ ಪರಿಸರಕ್ಕೆ ಏನು ಲಾಭ ಎಂದು ಸ್ಪಷ್ಟವಾಗಿ ಹೇಳದೆ ಇಂಥ ಪದ ಬಳಸುವಂತಿಲ್ಲ ಎಂದಿತು. ಎಚ್ ಅಂಡ್ ಎಂ, ಡೆಕಾತ್ಲಾನ್ ಎರಡೂ ಆ ಪದಗಳನ್ನು ತಿದ್ದಲು ಇಲ್ಲವೇ ಕೈಬಿಡಲು ಒಪ್ಪಿದವು. ಎಚ್ ಅಂಡ್ ಎಂ 5 ಲಕ್ಷ ಯೂರೋ, ಡೆಕಾತ್ಲಾನ್ 4 ಲಕ್ಷ ಯೂರೋ ಪರಿಸರದ ಕೆಲಸಕ್ಕೆ ಕೊಡಲು ಒಪ್ಪಿದವು.

ಡಚ್ಚರ ದೇಶದ ಗ್ರಾಹಕ ಪ್ರಶ್ನೆ ಕೇಳಿದ, ಉತ್ತರ ಸಿಕ್ಕಿತು. ಬಟ್ಟೆ ಹೊಲಿದ ನಾಡಿನ ಗ್ರಾಹಕ ಪ್ರಶ್ನೆ ಕೇಳುವುದು ಯಾವಾಗ?

ಇನ್ನೊಂದು ಲೆಕ್ಕ ಕೇಳಿ. 2020ರ ಏಪ್ರಿಲ್‌ನಿಂದ ಕರ್ನಾಟಕದ ಗಾರ್ಮೆಂಟ್ಸ್ ಕಾರ್ಮಿಕರಿಗೆ ತಿಂಗಳಿಗೆ 417 ರೂಪಾಯಿ ತುಟ್ಟಿಭತ್ಯೆ ಸೇರಬೇಕಿತ್ತು. ಸರ್ಕಾರ ಮುಂದೂಡಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹೈಕೋರ್ಟು ಕೊಡಿ ಎಂದಿತು. ಆದರೂ ಎಷ್ಟೋ ಕಾರ್ಖಾನೆಗಳು ಕೊಡಲಿಲ್ಲ. ಬಾಕಿ ಸಿಗಬೇಕಾದವರು 4 ಲಕ್ಷಕ್ಕೂ ಹೆಚ್ಚು ಮಂದಿ ಎಂದು ಅಮೆರಿಕದ ವರ್ಕರ್ಸ್ ರೈಟ್ಸ್ ಕನ್ಸಾರ್ಷಿಯಂ ಲೆಕ್ಕ ಹಾಕಿತು. ಹೊರದೇಶದ ಪತ್ರಿಕೆಗಳಲ್ಲಿ ಗಲಾಟೆಯಾದ ಮೇಲೆಯೇ ಕಂಪನಿಗಳು ಬಾಕಿ ಕೊಡಲು ಒಪ್ಪಿದ್ದು. 'ಎಥಿಕಲ್' ಎಂಬ ಪದಕ್ಕೆ ಕನ್ನಡದಲ್ಲಿ ಅರ್ಥ ಕೇಳಿದರೆ ನಾನು ಹೇಳುವುದು ಇಷ್ಟೇ: ಆ 417 ರೂಪಾಯಿಯನ್ನು ಕೇಳಿಸಿಕೊಳ್ಳದೆ ಕೊಡುವುದು.

ಪದಗಳ ಒಳಗೆ ಏನಿದೆ?

ಚೀಟಿಯ ಮೇಲಿನ ಒಂದೊಂದು ಪದವನ್ನೂ ಬಿಚ್ಚೋಣ.

'ಆರ್ಗಾನಿಕ್ ಹತ್ತಿ'. ಸಾವಯವ ಬಟ್ಟೆಗೆ ಜಗತ್ತೇ ಒಪ್ಪುವ ಗುರುತು ಗಾಟ್ಸ್. 2020ರಲ್ಲಿ ಆ ಸಂಸ್ಥೆಯೇ ಬಾಯಿಬಿಟ್ಟು ಹೇಳಿತು: ಭಾರತದಲ್ಲಿ ಖೊಟ್ಟಿ ಪ್ರಮಾಣಪತ್ರ ಸೃಷ್ಟಿಸಿ ಸುಮಾರು 20,000 ಟನ್ ಹತ್ತಿಯನ್ನು ಸಾವಯವ ಎಂದು ಸಾಗಿಸಲಾಗಿದೆ ಎಂದು. ಪ್ರಮಾಣಪತ್ರವೇ ಖೊಟ್ಟಿಯಾಗುವ ಕಡೆ ಬರೀ ಎಲೆಯ ಚಿತ್ರಕ್ಕೆ ಏನು ಬೆಲೆ?

'ಬಿದಿರಿನ ಬಟ್ಟೆ'. ಬಿದಿರನ್ನು ಕಾಸ್ಟಿಕ್ ಸೋಡಾ, ಕಾರ್ಬನ್ ಡೈಸಲ್ಫೈಡ್ ಮುಂತಾದ ರಾಸಾಯನಿಕಗಳಲ್ಲಿ ಕರಗಿಸಿ ಎಳೆ ತೆಗೆದರೆ ಅದು ರೇಯಾನ್, ಅದೇ ವಿಸ್ಕೋಸ್. 2022ರಲ್ಲಿ ಅಮೆರಿಕ ಸರ್ಕಾರ ವಾಲ್‌ಮಾರ್ಟ್ ಮತ್ತು ಕೋಲ್ಸ್ ಕಂಪನಿಗಳು ರೇಯಾನನ್ನು ಬಿದಿರು ಎಂದು ಮಾರಿದ್ದಕ್ಕೆ ಒಟ್ಟು 55 ಲಕ್ಷ ಡಾಲರ್ ದಂಡ ತೆರುವಂತೆ ಮಾಡಿತು. ಗಿಡದಿಂದ ಬಂದದ್ದೆಲ್ಲ ಹಸಿರಲ್ಲ ಎಂಬುದನ್ನು ಕನ್ನಡಿಗರಿಗೆ ಅಮೆರಿಕ ಹೇಳಿಕೊಡಬೇಕಿಲ್ಲ. ರೇಯಾನಿಗೆ ಬೇಕಾದ ತಿರುಳು ತಯಾರಿಸುವ ಹರಿಹರ ಪಾಲಿಫೈಬರ್ಸ್‌ನಿಂದ ತುಂಗಭದ್ರೆಗೆ ಏನಾಯಿತು ಎಂದು ದಂಡೆಯ ಹಳ್ಳಿಯವರನ್ನು ಕೇಳಿ. ಅದಕ್ಕೆ ನೀಲಗಿರಿ ಬೆಳೆಸಲು ಸುಮಾರು 30,000 ಹೆಕ್ಟೇರ್ ಗೋಮಾಳ, ಕುರುಚಲು ಭೂಮಿಯನ್ನು ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿಗೆ ಕೊಡಹೊರಟಾಗ ರೈತರು ಸಿಡಿದೆದ್ದರು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ನೀಲಗಿರಿ ಸಸಿ ಕಿತ್ತು ಊರಿಗೆ ಬೇಕಾದ ಗಿಡ ನೆಟ್ಟರು. 1991ರಲ್ಲಿ ಆ ಕಂಪನಿ ಬಾಗಿಲು ಮುಚ್ಚಿತು. ಆ ಹೋರಾಟ ನಡೆದ ನಾಡಿನ ಮಕ್ಕಳಿಗೆ ಇವತ್ತು ಅದೇ ಜಾತಿಯ ಎಳೆಯನ್ನು 'ಇಕೋ' ಎಂದು ಹೆಚ್ಚು ಬೆಲೆಗೆ ಮಾರುತ್ತಾರೆ!

'ರಿಸೈಕಲ್ಡ್'. ಹೆಚ್ಚಿನಂಶ ಇದು ಪ್ಲಾಸ್ಟಿಕ್ ನೀರಿನ ಬಾಟಲಿ ಕರಗಿಸಿ ತೆಗೆದ ಪಾಲಿಯೆಸ್ಟರ್. ಬಾಟಲಿ ಮತ್ತೆ ಬಾಟಲಿಯಾಗಬಹುದಿತ್ತು. ಅಂಗಿಯಾದ ಮೇಲೆ ಒಗೆದಾಗಲೆಲ್ಲ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಎಳೆ ನೀರಿಗೆ ಬಿಡುತ್ತದೆ. ಆ ನೀರು ಕೊನೆಗೆ ಸೇರುವುದು ನಮ್ಮದೇ ಕೆರೆ, ನಮ್ಮದೇ ಹೊಳೆ.

'ಹ್ಯಾಂಡ್‌ಲೂಮ್'. ಇದು ಎಲ್ಲಕ್ಕಿಂತ ಹೊಟ್ಟೆ ಉರಿಸುವ ಸುಳ್ಳು. ಏಕೆಂದರೆ ನಿಜವಾದದ್ದು ನಮ್ಮ ಪಕ್ಕದಲ್ಲೇ ಇದೆ.

ಮೇಲುಕೋಟೆ ಎಷ್ಟು ದೂರ?

ಪಾಂಡವಪುರ ತಾಲ್ಲೂಕಿನ ಮೇಲುಕೋಟೆ ಪುಳಿಯೋಗರೆಯಷ್ಟೇ ಕೈಮಗ್ಗದ ಪಂಚೆಗೂ ಹೆಸರಾದ ಊರು. ಅಲ್ಲೇ ಸುರೇಂದ್ರ ಕೌಲಗಿಯವರು 1960ರಲ್ಲಿ ಜನಪದ ಸೇವಾ ಟ್ರಸ್ಟ್ ಕಟ್ಟಿದರು. ಖಾದಿ, ಕೈಮಗ್ಗ, ಗಿಡದ ಬಣ್ಣದ ಕೆಲಸ ಅಲ್ಲಿ ಬೇರೂರಿತು. 'ಸಸ್ಟೈನಬಲ್' ಎಂಬ ಪದ ಬಟ್ಟೆ ಅಂಗಡಿಗೆ ಕಾಲಿಡುವ ಮೊದಲೇ! ಮಲೆನಾಡಿನ ಸಾಗರದ ಕಡೆ ಹೋದರೆ ರಂಗಕರ್ಮಿ ಪ್ರಸನ್ನ ಅವರ ಚರಕ ಸಂಸ್ಥೆ ಇದೆ, ಅಲ್ಲಿ ಹಳ್ಳಿಯ ಹೆಣ್ಣುಮಕ್ಕಳೇ ನೇಯುತ್ತಾರೆ, ಬಣ್ಣ ಹಾಕುತ್ತಾರೆ. ಕೈಉತ್ಪನ್ನಗಳ ಮೇಲೆ ಜಿಎಸ್‌ಟಿ ಬೇಡ ಎಂದು ಪ್ರಸನ್ನ 2017ರಲ್ಲಿ ಉಪವಾಸ ಕೂತರು. ನಮ್ಮಲ್ಲಿ ಎಷ್ಟು ಜನ ತಿರುಗಿ ನೋಡಿದೆವು?

ಮೇಲುಕೋಟೆಯ ಮಗ್ಗದವರೊಬ್ಬರನ್ನು ಆ ನೀಲಿ ಕುರ್ತಾದ ವಿಷಯ ಕೇಳಿದೆ. ಅವರೆಂದರು: 'ಗಿಡದ ಬಣ್ಣವೂ ಮೊದಲ ಒಗೆತದಲ್ಲಿ ಸ್ವಲ್ಪ ಬಿಡ್ತದೆ ಕಣಪ್ಪ. ಆದ್ರೆ ನಾವು ಕೊಡೋವಾಗ್ಲೇ ಹೇಳ್ತೀವಿ, ಬೇರೆ ಒಗೀರಿ, ನೆರಳಲ್ಲಿ ಒಣಗಿಸಿ ಅಂತ. ಹೇಳದೆ ಕೊಟ್ರೆ ನಾಳೆ ನೀನು ನನ್ನ ಮನೆ ಬಾಗಿಲಿಗೆ ಬರ್ತೀಯಲ್ಲ?' ನೋಡಿ, ವ್ಯಾಪಾರದ ಇಡೀ ನೀತಿ ಆ ಕೊನೆಯ ಮಾತಿನಲ್ಲಿದೆ. ನಾಳೆ ಬಾಗಿಲಿಗೆ ಬರಬಲ್ಲ ಗಿರಾಕಿಗೆ ಸುಳ್ಳು ಹೇಳುವುದು ಕಷ್ಟ. ಬಾಗಿಲೇ ಇಲ್ಲದ ಅಂಗಡಿಗೆ, ಭಾಷೆಯೇ ಬೇರೆಯಾದ ಗಿರಾಕಿಗೆ ಸುಳ್ಳು ಹೇಳುವುದು ಬಲು ಸುಲಭ.

ಇನ್ನು ನೇಕಾರನ ಹೊಟ್ಟೆಯ ಲೆಕ್ಕ. ಕೇಂದ್ರ ಸರ್ಕಾರದ ನಾಲ್ಕನೇ ಕೈಮಗ್ಗ ಗಣತಿ, 2019-20ರದು, ಹೇಳುತ್ತದೆ: ದೇಶದಲ್ಲಿ ಕೈಮಗ್ಗ ನಂಬಿದವರು 35 ಲಕ್ಷ ಮಂದಿ. ನೇಕಾರ ಕುಟುಂಬಗಳಲ್ಲಿ ಮೂರರಲ್ಲಿ ಎರಡು ಪಾಲಿನ ತಿಂಗಳ ಆದಾಯ 5,000 ರೂಪಾಯಿಗೂ ಕಡಿಮೆ. ಒಂದು ಕುರ್ತಾ 3,200. ಒಂದು ಕುಟುಂಬದ ತಿಂಗಳ ಗಳಿಕೆ 5,000 ಇಲ್ಲ! ನಡುವಿನ ಹಣ ಎಲ್ಲಿ ಹೋಯಿತು? ಫೋಟೋಗೆ, ಜಾಹೀರಾತಿಗೆ, ಇಂಗ್ಲಿಷ್ ಕಥೆ ಬರೆದವನಿಗೆ, ಸುಳ್ಳು ಒರಟಿನ ಚೀಟಿಗೆ.

ಕೈಮಗ್ಗಕ್ಕೆ ರಕ್ಷಣೆಯಿಲ್ಲವೇ? ಇದೆ. ಸೀರೆ, ಪಂಚೆ, ಟವೆಲ್ ಸೇರಿದಂತೆ 11 ಬಗೆಯ ಬಟ್ಟೆಯನ್ನು ಕಾನೂನು ಹೇಳುವ ಲಕ್ಷಣವಿದ್ದಲ್ಲಿ ಕೈಮಗ್ಗಕ್ಕೇ ಮೀಸಲಿಟ್ಟ 1985ರ ಕಾಯ್ದೆ ಇದೆ. 2006ರಿಂದ ಹ್ಯಾಂಡ್‌ಲೂಮ್ ಮಾರ್ಕ್ ಎಂಬ ಸರ್ಕಾರಿ ಗುರುತಿದೆ. ಕಾಯ್ದೆ ಕಡತದಲ್ಲಿದೆ, ಪವರ್‌ಲೂಮ್ ಬಟ್ಟೆ ಕೈಮಗ್ಗದ ಹೆಸರಿನಲ್ಲಿ ಪೇಟೆಯಲ್ಲಿದೆ. ನಾಗಮಂಗಲ, ಕೆ.ಆರ್. ಪೇಟೆ ಕಡೆಯ ಹೆಣ್ಣುಮಕ್ಕಳು ಗಾರ್ಮೆಂಟ್ಸ್ ವ್ಯಾನ್ ಹತ್ತಿ ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರುತ್ತಾರೆ.

'ಕನ್ನಡದಲ್ಲಿ ಬರೆದರೆ ಸುಳ್ಳು ನಿಜವಾಗುತ್ತದೆಯೇ?'

ಕೆಲವು ಬುದ್ಧಿವಂತರು ಕೇಳುತ್ತಾರೆ: 'ಎಲ್ಲದಕ್ಕೂ ಕನ್ನಡವನ್ನು ಎಳೆದು ತರುತ್ತೀರಿ. ಕನ್ನಡದಲ್ಲೂ ಸುಳ್ಳು ಹೇಳಬಹುದಲ್ಲವೇ?'

ಹೇಳಬಹುದು. ಕನ್ನಡದಲ್ಲಿ ಸುಳ್ಳು ಹೇಳುವ ರಾಜಕಾರಣಿಗಳನ್ನು ನಾವು ನೋಡಿಲ್ಲವೇ! ಆದರೆ ಕನ್ನಡದಲ್ಲಿ ಹೇಳಿದ ಸುಳ್ಳಿಗೆ ಕನ್ನಡನಾಡಿನಲ್ಲಿ ಸಾಕ್ಷಿಗಳು ಹೆಚ್ಚು. 'ಮೇಲುಕೋಟೆಯ ಕೈಮಗ್ಗ' ಎಂದು ಕನ್ನಡದಲ್ಲಿ ಬರೆದು ನೋಡಲಿ. ಮೇಲುಕೋಟೆಯವನೇ ಓದುತ್ತಾನೆ, 'ಇದು ನಮ್ಮೂರ ಬಟ್ಟೆಯಲ್ಲ' ಎನ್ನುತ್ತಾನೆ. 'ಹೊಲಿದವರಿಗೆ ನ್ಯಾಯವಾದ ಕೂಲಿ ಕೊಟ್ಟಿದ್ದೇವೆ' ಎಂದು ಕನ್ನಡದಲ್ಲಿ ಬರೆದು ನೋಡಲಿ. ಆ ಚೀಟಿಯನ್ನು ಕಟ್ಟುವ ಹೆಣ್ಣುಮಗಳೇ ಮೊದಲು ಓದುತ್ತಾಳೆ. ಅವಳು ಸುಳ್ಳು ಕಟ್ಟಬೇಕಾದರೆ ಅದು ಸುಳ್ಳೆಂದು ತಿಳಿದೇ ಕಟ್ಟಬೇಕು. ಒಬ್ಬಳು ಓದಿದರೆ ಪಕ್ಕದವಳಿಗೆ ಹೇಳುತ್ತಾಳೆ. ಅದಕ್ಕೇ ಅವರಿಗೆ ಕನ್ನಡ ಬೇಡ! ಚಂದಕ್ಕೂ ಅಲ್ಲ, 'ಪ್ರೀಮಿಯಂ ಲುಕ್'ಗೂ ಅಲ್ಲ. ಸಾಕ್ಷಿ ಇರಬಾರದೆಂದು.

ಇನ್ನೊಂದು ಮಾತನ್ನೂ ಹೇಳಬೇಕು. ನಿಯತ್ತಿನಿಂದ ಕೆಲಸ ಮಾಡುವ ಸಣ್ಣ ಕಂಪನಿಗಳೂ ಇವೆ. ಅವರಿಗೆ ನನ್ನ ನಮಸ್ಕಾರ. ಅವರೂ ಚೀಟಿಯಲ್ಲಿ ಊರು ಬರೆಯಲಿ, ಕನ್ನಡ ಬರೆಯಲಿ. ಕಳ್ಳನೂ ಸಾಚಾ ಮನುಷ್ಯನೂ ಒಂದೇ ವೇಷದಲ್ಲಿ ನಿಂತರೆ ನಷ್ಟ ಸಾಚಾ ಮನುಷ್ಯನಿಗೇ.

ಕಾನೂನು ಇದೆ, ಕೇಳುವ ಬಾಯಿ ಬೇಕು

ಪೊಟ್ಟಣದ ಸರಕಿನ ಮೇಲೆ ಬರೆಯಬೇಕಾದ ವಿವರ ಹಿಂದಿಯಲ್ಲಿರಲಿ ಇಲ್ಲವೇ ಇಂಗ್ಲಿಷಿನಲ್ಲಿರಲಿ ಎನ್ನುತ್ತದೆ ಕೇಂದ್ರದ 2011ರ ನಿಯಮ. ಬೇರೆ ಭಾಷೆ ಬೇಕಿದ್ದರೆ ಜೊತೆಗೆ ಸೇರಿಸಿಕೊಳ್ಳಬಹುದಂತೆ. ಬೇಕಿದ್ದರೆ! ಕನ್ನಡನಾಡಿನಲ್ಲಿ ಕನ್ನಡ 'ಬೇಕಿದ್ದರೆ'! ಇದು ಗುಲಾಮಗಿರಿಯಲ್ಲದೆ ಮತ್ತೇನು?

ಆದರೆ ಈಗ ನಮ್ಮ ಕೈಯಲ್ಲೂ ಅಸ್ತ್ರಗಳಿವೆ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ 2022ರ ಬಲದ ಮೇಲೆ ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಆದೇಶ ಹೊರಡಿಸಿತು: ರಾಜ್ಯದಲ್ಲಿ ತಯಾರಾಗುವ ಸರಕಿನ ಮೇಲೆ ಹೆಸರು, ಬಳಕೆಯ ವಿವರ ಕನ್ನಡದಲ್ಲೂ ಇರಬೇಕು. 2024ರ ಅಕ್ಟೋಬರಿನಲ್ಲಿ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ 'ಹಸಿರು ಸುಳ್ಳು' ತಡೆಯುವ ಮಾರ್ಗಸೂಚಿ ತಂದಿತು: ಪರಿಸರಸ್ನೇಹಿ ಎಂದು ಹೇಳುವವರು ಆಧಾರ ತೋರಿಸಬೇಕು, ಗೋಲ್‌ಮಾಲ್ ಪದ ಬಳಸಿದರೆ ವಿವರಿಸಬೇಕು. ಆನ್‌ಲೈನ್ ಅಂಗಡಿಗಳಿಗೆ 2020ರ ನಿಯಮವಿದೆ: ದೂರು ಕೇಳುವ ಅಧಿಕಾರಿಯ ಹೆಸರು ಪ್ರಕಟಿಸಬೇಕು, 48 ಗಂಟೆಯಲ್ಲಿ ದೂರು ತಲುಪಿತೆಂದು ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು.

ಇಷ್ಟು ಮಾಡಿ

ಒಂದು. ಕೊಳ್ಳುವ ಮೊದಲು ಕನ್ನಡದಲ್ಲಿ ನಾಲ್ಕು ಪ್ರಶ್ನೆ ಬರೆದು ಕಳಿಸಿ: ಯಾವ ನೂಲು? ಯಾವ ಮಗ್ಗ? ಯಾವ ಊರು? ಪ್ರಮಾಣಪತ್ರದ ನಂಬರ್ ಏನು? ಉತ್ತರ ಬಾರದಿದ್ದರೆ ದುಡ್ಡೂ ಹೋಗಬಾರದು. ಇಂಗ್ಲಿಷ್ ಬರುತ್ತದೆಂದು ಇಂಗ್ಲಿಷಿನಲ್ಲಿ ಬರೆಯಬೇಡಿ. ನಿಮಗೆ ಬರುತ್ತದೆ, ನಿಮ್ಮ ಅಮ್ಮನಿಗೆ ಬರುವುದಿಲ್ಲ. ಅವರ ಪರವಾಗಿ ಕೇಳಿ.

ಎರಡು. ಬಟ್ಟೆ ಕೈಗೆ ಬಂದಾಗ ಪರೀಕ್ಷೆ ಮಾಡಿ. ಕೈಮಗ್ಗದ ಬಟ್ಟೆಯ ಎಳೆಯಲ್ಲಿ ಸಣ್ಣ ಏರುಪೇರು ಇರುತ್ತದೆ. ಬಟ್ಟೆ ಅಗಲ ಹಿಡಿಯಲು ಮಗ್ಗದಲ್ಲಿ ಸಿಕ್ಕಿಸುವ ಕಡ್ಡಿಯ ಸಣ್ಣ ತೂತುಗಳು ಅಂಚಿನುದ್ದಕ್ಕೂ ಸಾಮಾನ್ಯವಾಗಿ ಕಾಣುತ್ತವೆ. ಹೊಲಿಗೆಯೊಳಗಿನ ಒಂದೆಳೆ ಸುಟ್ಟು ನೋಡಿ: ಬೂದಿಯಾದರೆ ಹತ್ತಿಯಂಥದು, ಕರಗಿ ಮಣಿಯಾದರೆ ಪ್ಲಾಸ್ಟಿಕ್. ಬಿದಿರು ಎಂದ ಬಟ್ಟೆಗೆ ಈ ಪರೀಕ್ಷೆ ಸಾಲದು, ವಿಸ್ಕೋಸ್ ಕೂಡ ಕಾಗದದಂತೆಯೇ ಉರಿಯುತ್ತದೆ. ಅದಕ್ಕೆ ಒಳಗಿನ ಸಣ್ಣ ಚೀಟಿ ಓದಿ.

ಮೂರು. ಮೋಸ ಕಂಡರೆ ಸುಮ್ಮನಿರಬೇಡಿ. ಚೀಟಿ, ಬಿಲ್ಲು, ಫೋಟೋ ಎತ್ತಿಡಿ. 1915ಕ್ಕೆ ಫೋನ್ ಮಾಡಿ ಕನ್ನಡದಲ್ಲಿ ದೂರು ಕೊಡಿ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಿ. ಕಂಪನಿ ಗುರುಗ್ರಾಮದಲ್ಲಿದ್ದರೂ ನೀವು ಇರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಐದು ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ. ನಮ್ಮ ನಾಲ್ಕು ತಾಲ್ಲೂಕಿನವರಿಗೆ ಅದು ಮಂಡ್ಯ. ಅವರು ಮಂಡ್ಯದ ಬಸ್ಸು ಹಿಡಿದು ಬರಲಿ, ಕನ್ನಡದಲ್ಲಿ ಬರೆದ ದೂರಿಗೆ ಉತ್ತರ ಕೊಡಲಿ!

ನಾಲ್ಕು. ರಜೆ ಬಂದಾಗ ಮಾಲಿಗೆ ಹೋಗುವ ಬದಲು ಒಮ್ಮೆ ಮೇಲುಕೋಟೆಗೆ ಹೋಗಿ, ಮಗ್ಗದ ಮುಂದೆ ನಿಂತು ಕೊಳ್ಳಿ. ದುಬಾರಿ ಎನಿಸಿದರೆ ಮೂರರ ಬದಲು ಒಂದು ಕೊಳ್ಳಿ, ಹರಿಯುವವರೆಗೂ ಉಡಿ. ನಮ್ಮಜ್ಜಂದಿರು ಒಂದು ಕಂಬಳಿಯನ್ನು ಹತ್ತು ಮಳೆಗಾಲ ಹೊದ್ದರು. ಯಾವ ಹಸಿರು ಚೀಟಿಯೂ ಇಲ್ಲದೆ.

ಐದು. ಸಂಘಟನೆಯ ಗೆಳೆಯರೇ, 2024ರಿಂದ ಅಂಗಡಿಯ ನಾಮಫಲಕದಲ್ಲಿ ಶೇಕಡ 60 ಕನ್ನಡ ಕಡ್ಡಾಯವಾಯಿತು, ಅದು ನಿಮ್ಮ ಹೋರಾಟದ ಫಲ. ಆದರೆ ಫಲಕ ಕನ್ನಡವಾಗಿ ಒಳಗಿನ ಸರಕು ಇಂಗ್ಲಿಷಾಗಿಯೇ ಉಳಿದರೆ ಏನು ಗೆದ್ದಂತಾಯಿತು? ಬಾಗಿಲು ದಾಟಿ ಒಳಗೆ ಹೋಗಿ. ಚೀಟಿ ಹಿಡಿದು ಕೇಳಿ. ಕಲ್ಲು ಬೇಡ, ಮಸಿ ಬೇಡ. ಪ್ರಶ್ನೆ ಸಾಕು.

ಆ ಹೆಣ್ಣುಮಕ್ಕಳು ಶ್ರೀರಂಗಪಟ್ಟಣದಲ್ಲಿ ವಾರಗಟ್ಟಲೆ ಧರಣಿ ಕೂತರು. ಅವರಲ್ಲಿ ಎಷ್ಟೋ ಜನ ಹೈಸ್ಕೂಲು ದಾಟಿದವರಲ್ಲ. ಅವರು ಪ್ರಶ್ನೆ ಕೇಳಿದ್ದು ಕನ್ನಡದಲ್ಲಿ, ಕೇಳಿಸಿದ್ದು ಸ್ವೀಡನ್ನಿನವರೆಗೆ. ಡಿಗ್ರಿ ಮಾಡಿ, ಕೈಯಲ್ಲಿ ಮೊಬೈಲ್ ಹಿಡಿದು, ಮೂರು ಸಾವಿರ ಕೊಟ್ಟು ಅಂಗಿ ಕೊಳ್ಳುವ ನೀವು 'ಇದನ್ನು ಹೊಲಿದವರು ಯಾರು, ಯಾವ ಊರಿನಲ್ಲಿ, ಕನ್ನಡದಲ್ಲಿ ಬರೆದುಕೊಡಿ' ಎಂದು ಕೇಳಲಾರಿರಾ?

ಇವತ್ತೇ ಕೇಳಿ. ಉತ್ತರ ಬರುವವರೆಗೂ ಕೇಳಿ.